ಕನ್ನಡ ಮಾಧ್ಯಮದ ಹದಿಹರೆಯದವರಿಗೆ ಇಂಗ್ಲಿಷ್: ವ್ಯಾಕರಣಕ್ಕೆ ಯಾವ ಪುಸ್ತಕ, ಪದಗಳಿಗೆ ಯಾವ ದಾರಿ?

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಪಾಠ ಆರಂಭವಾಗುತ್ತಿದೆ. ಆದರೂ ಎಂಟನೆಯ ತರಗತಿಗೆ ಬಂದ ಎಷ್ಟೋ ಮಕ್ಕಳು ಇಂಗ್ಲಿಷ್ ಸಾಲುಗಳನ್ನು ಗಟ್ಟಿಯಾಗಿ ಓದಬಲ್ಲರೇ ಹೊರತು ಅವುಗಳ ಅರ್ಥವನ್ನು ತಾವಾಗಿ ಬಿಡಿಸಿಕೊಳ್ಳಲಾರರು. ಸ್ವಂತವಾಗಿ ನಾಲ್ಕು ವಾಕ್ಯ ಬರೆಯಲು ಹೇಳಿದರೆ ಪೆನ್ನು ಮುಂದೆ ಸಾಗುವುದಿಲ್ಲ. ಇಂಥ ಮಕ್ಕಳಿಗಾಗಿ ಪುಸ್ತಕ ಹುಡುಕುತ್ತ ಹೊರಟ ಪೋಷಕರಿಗೆ ಅಂಗಡಿಯಲ್ಲಿ ವ್ಯಾಕರಣದ ಪುಸ್ತಕಗಳ ರಾಶಿಯೇ ಎದುರಾಗುತ್ತದೆ, ಮೊಬೈಲ್ ತೆರೆದರೆ ಆ್ಯಪ್‌ಗಳು, ಬೀದಿಯ ತಿರುವಿನಲ್ಲಿ ಸ್ಪೋಕನ್ ಇಂಗ್ಲಿಷ್ ತರಗತಿಯ ಫಲಕ. ಈ ಬರಹವು ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುತ್ತಿರುವ, ಹದಿಮೂರರಿಂದ ಹದಿನೇಳು ವರ್ಷದ ಒಳಗಿನ, ಇನ್ನೂ ಆರಂಭದ ಹಂತದಲ್ಲಿರುವ ವಿದ್ಯಾರ್ಥಿಗಳನ್ನೂ ಅವರ ಪೋಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಆಯ್ಕೆಗಳನ್ನು ಹೋಲಿಸಿ ನೋಡುತ್ತದೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವುದೇ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಕೇಳುವ ಮೊದಲ ಪ್ರಶ್ನೆ, ಅದರಲ್ಲಿರುವ ವಿಷಯ ಈ ವಿದ್ಯಾರ್ಥಿಗೆ ಕನ್ನಡದಲ್ಲಿ ಮೊದಲೇ ಗೊತ್ತಿದೆಯೇ ಎಂಬುದು. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದುವಾಗ ಅರ್ಥದ ಅರ್ಧ ಭಾಗ ಓದುಗನ ಬಳಿಯೇ ಇರುತ್ತದೆ. ಹೊಸ ವಿಷಯ, ಹೊಸ ಭಾಷೆ, ಹೊಸ ಪಾರಿಭಾಷಿಕ ಪದಗಳು ಮೂರೂ ಒಟ್ಟಿಗೆ ಬಂದಾಗ ಹದಿನಾಲ್ಕರ ಹುಡುಗ ಅಥವಾ ಹುಡುಗಿ ಪುಸ್ತಕ ಮುಚ್ಚಿಡುವುದು ಸೋಮಾರಿತನದಿಂದಲ್ಲ.

ಮೊದಲು ಮಟ್ಟ ತಿಳಿಯಬೇಕು

ಹಣ ಕೊಟ್ಟು ಪುಸ್ತಕ ತರುವ ಮುನ್ನ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ವಿದ್ಯಾರ್ಥಿ ಈಗಿರುವ ತರಗತಿಗಿಂತ ಎರಡು ತರಗತಿ ಕೆಳಗಿನ ಇಂಗ್ಲಿಷ್ ಪಠ್ಯಪುಸ್ತಕದಿಂದ ಸುಮಾರು 100 ಪದಗಳ ಒಂದು ಗದ್ಯಭಾಗವನ್ನು ಆರಿಸಿ, ಅರ್ಥ ಗೊತ್ತಿಲ್ಲದ ಪದಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಲು ಹೇಳಿ. ಹು ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಒಂದು ಕಥೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಅದರ ಪದಗಳಲ್ಲಿ ಸುಮಾರು ಶೇ 98ರಷ್ಟು ಓದುಗನಿಗೆ ಪರಿಚಿತವಾಗಿರಬೇಕು, ಅಂದರೆ ನೂರು ಪದಗಳಿಗೆ ಎರಡು ಹೊಸ ಪದ ಮಾತ್ರ. ನಿಘಂಟೋ ಶಿಕ್ಷಕರೋ ಪಕ್ಕದಲ್ಲಿದ್ದರೆ ಐದರವರೆಗೂ ನಿಭಾಯಿಸಬಹುದು. ಹದಿನೈದು ಗೆರೆಗಳು ಬಿದ್ದರೆ ಇನ್ನೂ ಕೆಳಗಿನ ತರಗತಿಯ ಪುಸ್ತಕ ತೆಗೆಯಬೇಕು. ಒಂಬತ್ತನೆಯ ತರಗತಿಯವರು ಐದನೆಯ ತರಗತಿಯ ಪುಸ್ತಕ ಹಿಡಿದರೆ ಗೆಳೆಯರ ಎದುರು ಮುಜುಗರವಾಗುವುದು ನಿಜ. ಆದ್ದರಿಂದ ಈ ಪರೀಕ್ಷೆಯನ್ನು ಶಾಲೆಯಲ್ಲಿ ಮಾಡದೆ ಮನೆಯಲ್ಲಿ ಮಾಡುವುದೇ ಲೇಸು.

ವ್ಯಾಕರಣ: ದಪ್ಪ ಪುಸ್ತಕ, ಕೆಂಪು ಪುಸ್ತಕ, ಕನ್ನಡದ ವಿವರಣೆ

ನಮ್ಮಲ್ಲಿ ವ್ಯಾಕರಣ ಎಂದ ಕೂಡಲೇ ಹಿರಿಯರ ಬಾಯಲ್ಲಿ ಬರುವ ಹೆಸರು ರೆನ್ ಆ್ಯಂಡ್ ಮಾರ್ಟಿನ್. ಬ್ರಿಟಿಷರ ಕಾಲದಲ್ಲಿ ಹುಟ್ಟಿದ ಈ ಪುಸ್ತಕವನ್ನು ಆಮೇಲೆ ಪ್ರಸಾದ ರಾವ್ ಅವರು ಪರಿಷ್ಕರಿಸಿದರು, ಇಂದಿಗೂ ಅದು ಅಂಗಡಿಗಳಲ್ಲಿ ಸಿಗುತ್ತದೆ. ಅದರ ಶಕ್ತಿ ಇರುವುದು ವ್ಯಾಪ್ತಿಯಲ್ಲಿ: ಪದಗಳ ವರ್ಗೀಕರಣದಿಂದ ವಾಕ್ಯ ಪರಿವರ್ತನೆಯವರೆಗೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಆದರೆ ಅದು ನಿಯಮವನ್ನು ಮೊದಲು ಹೇಳಿ, ಹೆಸರಿಟ್ಟು, ಆಮೇಲೆ ಉದಾಹರಣೆ ಕೊಡುವ ಪದ್ಧತಿಯ ಪುಸ್ತಕ, ಮತ್ತು ನಿಯಮಗಳ ವಿವರಣೆಯೂ ಇಂಗ್ಲಿಷಿನಲ್ಲೇ ಇದೆ. ಇಂಗ್ಲಿಷ್ ವಾಕ್ಯವನ್ನೇ ಓದಲು ಕಷ್ಟಪಡುವವರು ಇಂಗ್ಲಿಷಿನಲ್ಲಿ ಬರೆದ ವ್ಯಾಕರಣ ಸೂತ್ರವನ್ನು ಓದಬೇಕಾದ ಪರಿಸ್ಥಿತಿ ಅದು. ಪಿಯುಸಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರಿಗೆ ಅದನ್ನು ಧಾರಾಳವಾಗಿ ಶಿಫಾರಸು ಮಾಡಬಹುದು; ಎಂಟನೆಯ ತರಗತಿಯ ಆರಂಭಿಕರಿಗೆ ಉಡುಗೊರೆಯಾಗಿ ಕೊಟ್ಟರೆ ಅದು ಕಪಾಟಿನಲ್ಲಿ ಉಳಿಯುವ ಸಂಭವವೇ ಹೆಚ್ಚು.

ಇದಕ್ಕೆ ಎದುರಾಗಿ ನಿಲ್ಲುವುದು ರೇಮಂಡ್ ಮರ್ಫಿ ಅವರ ಪುಸ್ತಕಗಳು. ಇವು ಕೇಂಬ್ರಿಡ್ಜ್ ಪ್ರಕಾಶನದವು. ನೀಲಿ ಹೊದಿಕೆಯದು ಮಧ್ಯಮ ಹಂತದವರಿಗೆ, ಕೆಂಪು ಹೊದಿಕೆಯದು ಆರಂಭಿಕರಿಗೆ. ಕೊಳ್ಳುವಾಗ ಅನೇಕರು ಹೆಸರು ಕೇಳಿ ನೀಲಿಯದನ್ನೇ ತಂದುಬಿಡುತ್ತಾರೆ, ಆದರೆ ಇಲ್ಲಿ ನಾವು ಮಾತಾಡುತ್ತಿರುವ ವಿದ್ಯಾರ್ಥಿಗೆ ಬೇಕಾದದ್ದು ಕೆಂಪು ಪುಸ್ತಕ. ಅದರಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಘಟಕಗಳಿವೆ. ಪ್ರತಿ ಘಟಕದ ಎಡಪುಟದಲ್ಲಿ ಚಿತ್ರ ಮತ್ತು ಸರಳ ವಾಕ್ಯಗಳ ಮೂಲಕ ಒಂದೇ ಒಂದು ಅಂಶದ ವಿವರಣೆ, ಬಲಪುಟದಲ್ಲಿ ಅದೇ ಅಂಶದ ಅಭ್ಯಾಸ, ಪುಸ್ತಕದ ಕೊನೆಯಲ್ಲಿ ಉತ್ತರಗಳು. ದಿನಕ್ಕೆ ಎರಡೇ ಪುಟ ಎಂಬ ಅಳತೆ ಹದಿಹರೆಯದವರಿಗೆ ಹೊಂದುತ್ತದೆ, ಉತ್ತರ ಇರುವುದರಿಂದ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಲ್ಲದಿದ್ದರೂ ನಡೆಯುತ್ತದೆ. ಅದರ ಕೊರತೆಯನ್ನೂ ಹೇಳಬೇಕು: ಜಗತ್ತಿನ ಎಲ್ಲ ದೇಶದವರಿಗೂ ಒಂದೇ ಪುಸ್ತಕವಾಗಿರುವುದರಿಂದ, ಕನ್ನಡಿಗರು ನಿರ್ದಿಷ್ಟವಾಗಿ ಎಲ್ಲಿ ಎಡವುತ್ತಾರೆ ಎಂಬುದರ ಸುಳಿವು ಅದರಲ್ಲಿಲ್ಲ.

ಆ ಕೆಲಸವನ್ನು ಕನ್ನಡದಲ್ಲಿ ವಿವರಣೆಯಿರುವ ಪುಸ್ತಕ ಮಾಡಬೇಕು. ಮಾಡುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದು, ಏಕೆಂದರೆ ಇಂಥ ಪುಸ್ತಕಗಳ ಗುಣಮಟ್ಟ ಒಂದರಿಂದ ಒಂದಕ್ಕೆ ಬಹಳ ಬೇರೆಯಾಗಿರುತ್ತದೆ. ಟೆನ್ಸ್‌ಗಳ ಅಧ್ಯಾಯ ತೆರೆದು ನೋಡಿ. ‘ಬಂದೆ’ ಎನ್ನುವುದಕ್ಕೂ ‘ಬಂದಿದ್ದೇನೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಹಿಡಿದು ‘ಐ ಕೇಮ್’ ಮತ್ತು ‘ಐ ಹ್ಯಾವ್ ಕಮ್’ ವಿವರಿಸಿದ್ದರೆ ಲೇಖಕರಿಗೆ ಎರಡೂ ಭಾಷೆಗಳ ಒಳಗು ಗೊತ್ತಿದೆ ಎಂದು ತಿಳಿಯಬಹುದು. ಹನ್ನೆರಡು ಟೆನ್ಸ್‌ಗಳ ಕೋಷ್ಟಕವನ್ನು ಮಾತ್ರ ಕೊಟ್ಟು ಕೆಳಗೆ ಕನ್ನಡದ ಅರ್ಥ ಬರೆದಿದ್ದರೆ ಆ ಪುಸ್ತಕವನ್ನು ಅಲ್ಲೇ ಬಿಟ್ಟುಬರಬಹುದು. ಆಮೇಲೆ ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬಂಥ ವಾಕ್ಯವನ್ನು ಹುಡುಕಿ. ಕನ್ನಡದ ‘ಇಂದ’ ಪ್ರತ್ಯಯ ‘ಸಿನ್ಸ್’, ‘ಫಾರ್’, ‘ಫ್ರಮ್’ ಮೂರಕ್ಕೂ ದಾರಿ ಮಾಡಿಕೊಡುವುದರಿಂದ ನಮ್ಮವರು ‘ಸಿನ್ಸ್ ಫೈವ್ ಇಯರ್ಸ್’ ಎನ್ನುತ್ತಾರೆ. ಒಳ್ಳೆಯ ಪುಸ್ತಕವಾದರೆ ಅವಧಿಯ ಉದ್ದ ಹೇಳಲು ‘ಫಾರ್’, ಆರಂಭದ ಬಿಂದು ಹೇಳಲು ‘ಸಿನ್ಸ್’ ಎಂದು ಅಲ್ಲೇ ಎಚ್ಚರಿಸಿರುತ್ತದೆ.

ಹೀಗೆ ಗಮನಿಸಬೇಕಾದ ಜಾಗಗಳು ಇನ್ನೂ ಇವೆ, ಮತ್ತು ಅವನ್ನು ತಿಳಿದರೆ ಯಾವ ಘಟಕಗಳಿಗೆ ಹೆಚ್ಚು ಸಮಯ ಕೊಡಬೇಕೆಂಬುದೂ ತಿಳಿಯುತ್ತದೆ. ‘ಅವನು ನನ್ನ ತಮ್ಮ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ, ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ‘ನನಗೆ ಗೊತ್ತು’, ‘ನನಗೆ ಹಸಿವಾಗಿದೆ’, ‘ನನಗೆ ಜ್ವರ’ ಎಂದು ನಾವು ಅನುಭವಿಸುವವನನ್ನು ಚತುರ್ಥಿ ವಿಭಕ್ತಿಯಲ್ಲಿ ಕೂರಿಸುತ್ತೇವೆ. ಇಂಗ್ಲಿಷ್ ಅವನನ್ನು ಕರ್ತೃವಾಗಿ ಮುಂದೆ ತಂದು ‘ಐ ನೋ’, ‘ಐ ಆ್ಯಮ್ ಹಂಗ್ರಿ’, ‘ಐ ಹ್ಯಾವ್ ಎ ಫೀವರ್’ ಎಂದು ಮೂರು ಬೇರೆ ಕ್ರಿಯಾಪದಗಳನ್ನು ಕೇಳುತ್ತದೆ. ಕನ್ನಡದಲ್ಲಿ ಪ್ರತಿ ಪುರುಷಕ್ಕೂ ಕ್ರಿಯಾಪದ ಬದಲಾಗುತ್ತದೆ, ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ‘ಹಿ’, ‘ಶಿ’, ‘ಇಟ್’ ಬಂದಾಗ ಮಾತ್ರ ಬಾಲಕ್ಕೆ ಒಂದು ‘ಎಸ್’ ಸೇರುತ್ತದೆ. ಒಂದೇ ಕಡೆ ಇರುವುದರಿಂದಲೇ ಅದು ಮರೆತುಹೋಗುತ್ತದೆ. ಕರ್ಮವನ್ನು ಕ್ರಿಯಾಪದದ ನಂತರ ಇಡುವ ಕ್ರಮ, ‘ನಿನ್ನೆ ಬಂದ ಹುಡುಗ’ ಎಂಬುದನ್ನು ತಿರುಗಿಸಿ ‘ದ ಬಾಯ್ ಹೂ ಕೇಮ್ ಎಸ್ಟರ್ಡೇ’ ಎನ್ನುವ ಕ್ರಮ, ಪ್ರಶ್ನೆ ಕೇಳಲು ಎಲ್ಲಿಂದಲೋ ಬಂದು ಸೇರುವ ‘ಡು’ ಮತ್ತು ‘ಡಿಡ್’: ಆರಂಭಿಕರ ಮೊದಲ ವರ್ಷವೆಲ್ಲ ಇಷ್ಟಕ್ಕೇ ಮೀಸಲಾದರೂ ನಷ್ಟವಿಲ್ಲ. ‘ಎ’, ‘ಆ್ಯನ್’, ‘ದ’ಗಳ ಬಳಕೆಯಲ್ಲಿ ವರ್ಷಗಟ್ಟಲೆ ಓದಿದವರೂ ತಡವರಿಸುತ್ತಾರೆ, ಅದನ್ನು ನಿಯಮದಿಂದ ಗೆಲ್ಲಲು ಹೊರಡದೆ ಓದಿಗೆ ಬಿಟ್ಟುಬಿಡುವುದು ಜಾಣತನ.

ಎಸ್‌ಎಸ್‌ಎಲ್‌ಸಿ ಗೈಡುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್, ಡಿಗ್ರೀಸ್ ಆಫ್ ಕಂಪ್ಯಾರಿಸನ್ ಇವು ಪ್ರಶ್ನೆಪತ್ರಿಕೆಯಲ್ಲಿ ಬರುವ ರೀತಿಯನ್ನು ಅವು ತೋರಿಸುತ್ತವೆ, 80 ಅಂಕಗಳ ಆ ಲಿಖಿತ ಪರೀಕ್ಷೆಗೆ ಕೊನೆಯ ಕೆಲವು ತಿಂಗಳು ಅವು ಬೇಕು. ಆದರೆ ಸರಳ ಕರ್ತರಿ ವಾಕ್ಯವನ್ನೇ ಬರೆಯಲಾಗದವರು ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸುವ ಸೂತ್ರ ಕಲಿತರೆ ಅಂಕ ಬರಬಹುದು, ಇಂಗ್ಲಿಷ್ ಬರುವುದಿಲ್ಲ.

ಪದಗಳು: ಪಟ್ಟಿಯಿಂದಲೋ, ಓದಿನಿಂದಲೋ

ಪದಸಂಪತ್ತಿನ ವಿಷಯದಲ್ಲಿ ಮೂರು ಮಾರ್ಗಗಳು ಚಾಲ್ತಿಯಲ್ಲಿವೆ. ಮೊದಲನೆಯದು, ದಿನಕ್ಕೆ ಹತ್ತು ಪದ ಎಂದು ನಿಘಂಟಿನಿಂದಲೋ ಅಕಾರಾದಿ ಪಟ್ಟಿಯಿಂದಲೋ ಬಾಯಿಪಾಠ ಮಾಡುವುದು. ಇದು ಅತ್ಯಂತ ಹಳೆಯದು, ಅತ್ಯಂತ ನಿಷ್ಫಲವಾದದ್ದೂ ಹೌದು, ಏಕೆಂದರೆ ಅಕ್ಷರಕ್ರಮಕ್ಕೂ ಪದದ ಉಪಯೋಗಕ್ಕೂ ಸಂಬಂಧವಿಲ್ಲ. ನಾರ್ಮನ್ ಲೂಯಿಸ್ ಅವರ ಪದಸಂಪತ್ತಿನ ಪುಸ್ತಕ ನಮ್ಮ ದೇಶದಲ್ಲಿ ಬಹಳ ಮಾರಾಟವಾಗುತ್ತದೆ, ಅದನ್ನು ಮಕ್ಕಳಿಗೆ ಕೊಡಿಸುವವರೂ ಇದ್ದಾರೆ. ಆದರೆ 1949ರಲ್ಲಿ ಮೊದಲು ಬಂದ ಆ ಪುಸ್ತಕ ಇಂಗ್ಲಿಷ್ ಬಲ್ಲ ವಯಸ್ಕರು ಗ್ರೀಕ್ ಮತ್ತು ಲ್ಯಾಟಿನ್ ಮೂಲಗಳ ಮೂಲಕ ಕಠಿಣ ಪದಗಳನ್ನು ಕಲಿಯಲೆಂದು ಬರೆದದ್ದು. ‘ಬಿಟ್ವೀನ್’, ‘ಇನಫ್’, ‘ಆಲ್‌ಮೋಸ್ಟ್’ ಇಂಥ ಪದಗಳೇ ಗಟ್ಟಿಯಾಗಿಲ್ಲದವರಿಗೆ ಅದು ಹತ್ತು ವರ್ಷ ಬೇಗ.

ಎರಡನೆಯದು ಬಳಕೆಯ ಆವರ್ತನದ ಮೇಲೆ, ಅಂದರೆ ಯಾವ ಪದ ಎಷ್ಟು ಸಲ ಬಳಕೆಯಾಗುತ್ತದೆ ಎಂಬುದರ ಮೇಲೆ, ಕಟ್ಟಿದ ಪಟ್ಟಿ. ಬ್ರಿಟಿಷರ ಕಾಲದ ಬಂಗಾಳದಲ್ಲಿ ಬೋಧಿಸುತ್ತಿದ್ದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು, ಅಲ್ಲಿಯ ಮಕ್ಕಳು ಇಂಗ್ಲಿಷ್ ಪುಸ್ತಕಗಳಲ್ಲಿ ಪ್ರತಿ ಸಾಲಿಗೂ ಹೊಸ ಪದ ಎದುರಾಗಿ ಸೋಲುವುದನ್ನು ಕಂಡು, ಮಿತವಾದ ಪದಗಳಲ್ಲಿ ಬರೆದ ವಾಚನಪುಸ್ತಕಗಳನ್ನು ತಯಾರಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2000 ಪದಗಳ ಪಟ್ಟಿ ದಶಕಗಳ ಕಾಲ ಪಠ್ಯಪುಸ್ತಕ ರಚನೆಗೆ ಅಳತೆಗೋಲಾಯಿತು. ಇಂದು ಅಂಥದೇ ಪಟ್ಟಿಯನ್ನು ಆಕ್ಸ್‌ಫರ್ಡ್‌ನವರು 3000 ಪದಗಳಿಗೆ ವಿಸ್ತರಿಸಿ, ಎ1ರಿಂದ (ಅತ್ಯಂತ ಸುಲಭದ ಹಂತ) ಬಿ2ವರೆಗಿನ ಹಂತಗಳಾಗಿ ವಿಂಗಡಿಸಿ, ಅಂತರಜಾಲದಲ್ಲಿ ಉಚಿತವಾಗಿ ಕೊಟ್ಟಿದ್ದಾರೆ. ಇದರಲ್ಲಿ ಎ1 ಹಂತದ ಸುಮಾರು 900 ಪದಗಳನ್ನು ಒಮ್ಮೆ ತಿರುವಿಹಾಕಿ, ಗೊತ್ತಿರುವುದಕ್ಕೆ ಟಿಕ್ ಹಾಕಿದರೆ ಉಳಿದ ಪದಗಳೇ ಈ ವರ್ಷದ ಕೆಲಸ. ಪಟ್ಟಿಯ ಮಿತಿಯೆಂದರೆ, ಅದು ಯಾವ ಪದ ಕಲಿಯಬೇಕೆಂದು ಹೇಳುತ್ತದೆ, ಆ ಪದ ಯಾವುದರ ಜೊತೆ ಸೇರುತ್ತದೆ ಎಂದು ಹೇಳುವುದಿಲ್ಲ.

ಮೂರನೆಯದು ಓದುವಾಗ ಸಿಕ್ಕ ಪದಗಳನ್ನು ವಾಕ್ಯಸಮೇತ ಬರೆದಿಟ್ಟುಕೊಂಡು ಮತ್ತೆ ಮತ್ತೆ ನೋಡುವುದು. ಇಲ್ಲಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆಯ ಉಪಾಯವನ್ನು ಸೇರಿಸಿಕೊಳ್ಳಬಹುದು. ಒಂದು ರಟ್ಟಿನ ಚೀಟಿಯ ಮುಂಬದಿಯಲ್ಲಿ ಪದ ಬಿಟ್ಟು ಬರೆದ ವಾಕ್ಯ, ಹಿಂಬದಿಯಲ್ಲಿ ಆ ಪದ ಮತ್ತು ಕನ್ನಡ ಅರ್ಥ; ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಹಿಂದಿರುಗಿ ನಾಳೆಯೇ ಎದುರಾಗುತ್ತದೆ. ಆಂಕಿ ಎಂಬ ಆ್ಯಪ್ ಇದನ್ನೇ ಲೆಕ್ಕ ಹಾಕಿ ಮಾಡುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ. ಹೀಗಿದ್ದರೂ ಹದಿಮೂರು ಹದಿನಾಲ್ಕರವರಿಗೆ ನಾನು ರಟ್ಟಿನ ಚೀಟಿಯನ್ನೇ ಹೇಳುತ್ತೇನೆ. ಚೀಟಿ ನೋಡಲು ಫೋನ್ ತೆರೆದವರು ಬೇರೇನೋ ನೋಡುತ್ತ ಕೂರುವುದಕ್ಕೆ ಸಾಕ್ಷ್ಯ ಹುಡುಕಬೇಕಾಗಿಲ್ಲ. ಎ1 ಪಟ್ಟಿಯನ್ನು ಸೋಸುವ ಜರಡಿಯಾಗಿ ಇಟ್ಟುಕೊಂಡು, ಓದಿನಲ್ಲಿ ಸಿಕ್ಕ ಹೊಸ ಪದ ಆ ಪಟ್ಟಿಯಲ್ಲಿದ್ದರೆ ಮಾತ್ರ ಚೀಟಿ ಮಾಡುವುದು ಎರಡೂ ಮಾರ್ಗಗಳ ಲಾಭವನ್ನು ಕೂಡಿಸುತ್ತದೆ.

ನಿಘಂಟೋ, ಅನುವಾದದ ಆ್ಯಪ್ಪೋ

ಇಂಗ್ಲಿಷ್–ಕನ್ನಡ ನಿಘಂಟು ಆರಂಭದಲ್ಲಿ ಅನಿವಾರ್ಯ. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟು ಆಳವಾದದ್ದು, ಆದರೆ ಅದು ವಿದ್ವಾಂಸರ ಮೇಜಿಗೆ ತಕ್ಕದ್ದು. ಮಕ್ಕಳ ಕೈಗೆ ಜಿ. ವೆಂಕಟಸುಬ್ಬಯ್ಯನವರಂಥ ನಿಘಂಟುಕಾರರು ಸಿದ್ಧಪಡಿಸಿದ ಚಿಕ್ಕ ಆವೃತ್ತಿ ಸಾಕು. ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕಾದಾಗ, ಅಂದರೆ ‘ಬೇಸರ’ಕ್ಕೆ ಏನೆನ್ನಬೇಕು ಎಂದು ತಿಳಿಯಬೇಕಾದಾಗ, ವಿ. ಕೃಷ್ಣ ಅವರು ಕಟ್ಟಿದ ‘ಅಲರ್’ ಎಂಬ ಅಂತರಜಾಲ ನಿಘಂಟು ಉಚಿತವಾಗಿ ಸಿಗುತ್ತದೆ.

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಿಗೆ ಎರಡನೆಯ ವರ್ಷ ಹೋದರೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು, ಸಾಕು. 1978ರಲ್ಲಿ ಮೊದಲು ಬಂದ ಲಾಂಗ್‌ಮನ್ ನಿಘಂಟು ಎಲ್ಲ ಪದಗಳ ಅರ್ಥವನ್ನೂ ಸುಮಾರು 2000 ಸರಳ ಪದಗಳಲ್ಲೇ ವಿವರಿಸುವ ನಿಯಮ ಹಾಕಿಕೊಂಡಿತು. ಆ ಎರಡು ಸಾವಿರ ಪದಗಳ ಬಹುಪಾಲು ಕೈವಶವಾದ ಮೇಲೆ ಅಂಥ ನಿಘಂಟು ತೆರೆದರೆ ಪದದ ಜೊತೆಗೆ ವಾಕ್ಯರಚನೆಯೂ ಸಿಗುತ್ತದೆ, ಅದಕ್ಕೂ ಮೊದಲು ತೆರೆದರೆ ಒಂದು ಪದಕ್ಕಾಗಿ ನಾಲ್ಕು ಪದ ಹುಡುಕುವ ಪಾಡಾಗುತ್ತದೆ.

ಗೂಗಲ್ ಅನುವಾದದಲ್ಲಿ ಕನ್ನಡ 2011ರಿಂದ ಇದೆ, ಕ್ಯಾಮೆರಾ ಹಿಡಿದರೆ ಇಡೀ ಪುಟವೇ ಕನ್ನಡವಾಗುತ್ತದೆ. ಅರ್ಥ ತಿಳಿಯುವುದಷ್ಟೇ ಉದ್ದೇಶವಾದರೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಕಲಿಯುವುದು ಉದ್ದೇಶವಾದರೆ ಅನುಕೂಲವೇ ಅಡ್ಡಿ: ಇಡೀ ವಾಕ್ಯ ಕನ್ನಡಕ್ಕೆ ತಿರುಗಿದ ಮೇಲೆ ಇಂಗ್ಲಿಷ್ ವಾಕ್ಯದ ಕಡೆ ಯಾರೂ ಮತ್ತೆ ನೋಡುವುದಿಲ್ಲ. ಒಂದು ಪದಕ್ಕೆ ಬಳಸಬಹುದು, ವಾಕ್ಯಕ್ಕೆ ಬೇಡ ಎಂಬ ಕಟ್ಟುಪಾಡು ಮಾಡಿಕೊಂಡರೆ ಅದೂ ಒಂದು ನಿಘಂಟಾಗುತ್ತದೆ.

ಓದಿಗೆ ಏನು ಕೊಡಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಇದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಚಿತ್ರಸಹಿತ ಕಥೆಗಳು ಉಚಿತವಾಗಿ ಸಿಗುತ್ತಿವೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವುದುಂಟು, ನಾಲ್ಕು ಹಂತಗಳ ವಿಂಗಡಣೆಯೂ ಇದೆ. ಮೊದಲು ಕನ್ನಡದ್ದನ್ನು ಓದಿ ಆಮೇಲೆ ಇಂಗ್ಲಿಷಿನದನ್ನು ಓದುವ ಕ್ರಮಕ್ಕೆ ಇದಕ್ಕಿಂತ ಸುಲಭವಾದ ಸಾಮಗ್ರಿ ಇಲ್ಲ. ಹದಿನೈದರವರಿಗೆ ಕಥೆಗಳು ಎಳೆಯವು ಅನ್ನಿಸುತ್ತವೆ ಎಂಬುದೇ ತೊಡಕು. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಓದಿ ಹೇಳುವ ನೆಪದಲ್ಲಿ ಅದನ್ನು ದಾಟಬಹುದು.

ಹಂತ ಹಂತವಾಗಿ ಬರೆದ ವಾಚನಪುಸ್ತಕಗಳು ಆ ವಯಸ್ಸಿಗೆ ತಕ್ಕ ವಿಷಯವನ್ನು ಸರಳ ಭಾಷೆಯಲ್ಲಿ ಕೊಡುತ್ತವೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯ ಮೊದಲ ಹಂತ 400 ಪದಗಳದು, ಎರಡನೆಯದು 700, ಮೂರನೆಯದು 1000; ಪತ್ತೇದಾರಿ ಕಥೆ, ಭೂತದ ಕಥೆ, ಸಾಹಸದ ಕಥೆ ಎಲ್ಲ ಇವೆ. ಒಂದೊಂದು ಪುಸ್ತಕ ತೆಳುವಾಗಿದ್ದರೂ ಬೆಲೆ ಅಷ್ಟು ತೆಳುವಲ್ಲ, ಸಣ್ಣ ಊರುಗಳ ಅಂಗಡಿಗಳಲ್ಲಿ ಸಿಗುವುದೂ ಕಷ್ಟ. ಶಾಲೆಯ ಗ್ರಂಥಾಲಯಕ್ಕೆ ಹತ್ತಿಪ್ಪತ್ತು ಪುಸ್ತಕ ತರಿಸಿ ಮಕ್ಕಳ ಕೈಯಲ್ಲಿ ಸುತ್ತಿಸುವುದಾದರೆ ಮಾತ್ರ ಇದು ಸಾಧ್ಯವಾಗುವ ಆಯ್ಕೆ. ದಿನಪತ್ರಿಕೆ ಓದಿಸಬೇಕೆಂಬ ಹಳೆಯ ಸಲಹೆ ಆರಂಭಿಕರಿಗೆ ಹೊಂದುವುದಿಲ್ಲ; ಇಂಗ್ಲಿಷ್ ಪತ್ರಿಕೆಯ ತಲೆಬರಹಗಳ ಭಾಷೆ ಸಾಮಾನ್ಯ ವಾಕ್ಯರಚನೆಯನ್ನೇ ಮುರಿಯುತ್ತದೆ. ಕ್ರಿಕೆಟ್ ಪುಟ ಇದಕ್ಕೆ ಅಪವಾದ, ಹಿಂದಿನ ರಾತ್ರಿ ಪಂದ್ಯ ನೋಡಿದವರಿಗೆ ಬೆಳಗ್ಗೆ ವರದಿಯ ಅರ್ಥ ಮೊದಲೇ ಗೊತ್ತಿರುತ್ತದೆ.

ಇವೆಲ್ಲಕ್ಕಿಂತ ಮೇಲೆ ನಾನು ಇಡುವುದು, ಯಾರೂ ಇಂಗ್ಲಿಷ್ ಕಲಿಕೆಯ ಸಾಮಗ್ರಿಯೆಂದು ನೋಡದ ಒಂದು ಪುಸ್ತಕವನ್ನು. ಕರ್ನಾಟಕ ಪಠ್ಯಪುಸ್ತಕ ಸಂಘವು ವಿಜ್ಞಾನ, ಗಣಿತ, ಸಮಾಜ ವಿಜ್ಞಾನದ ಒಂದೇ ಪಠ್ಯವನ್ನು ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಪ್ರಕಟಿಸುತ್ತದೆ, ಎರಡನ್ನೂ ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕಳೆದ ವರ್ಷ ಕನ್ನಡದಲ್ಲಿ ಓದಿ ಪರೀಕ್ಷೆ ಬರೆದ ಪಾಠವನ್ನು ಈ ವರ್ಷ ಇಂಗ್ಲಿಷ್ ಆವೃತ್ತಿಯಲ್ಲಿ ಓದಿದರೆ ಚಿತ್ರ ಅದೇ, ಪ್ರಯೋಗ ಅದೇ, ವಿಷಯದ ಕ್ರಮವೂ ಅದೇ. ಬದಲಾಗಿರುವುದು ಭಾಷೆ ಮಾತ್ರ. ‘ದ್ಯುತಿಸಂಶ್ಲೇಷಣೆ’ ಎಂದು ಕಲಿತದ್ದರ ಮುಂದೆ ‘ಫೋಟೋಸಿಂಥೆಸಿಸ್’ ಬಂದಾಗ ನಿಘಂಟು ಬೇಕಾಗುವುದಿಲ್ಲ. ವಾರಕ್ಕೆ ಎರಡು ಪುಟ, ಪಕ್ಕದಲ್ಲಿ ಕನ್ನಡ ಪುಸ್ತಕ ತೆರೆದಿಟ್ಟುಕೊಂಡು, ಒಂದು ಪ್ಯಾರಾವನ್ನು ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಮೂರು ವಾಕ್ಯ ಬರೆದು, ಮತ್ತೆ ತೆರೆದು ತಿದ್ದಿಕೊಳ್ಳುವುದು: ತಿದ್ದಲು ಶಿಕ್ಷಕರೂ ಬೇಕಿಲ್ಲ, ಮುದ್ರಿತ ವಾಕ್ಯವೇ ತಿದ್ದುತ್ತದೆ.

ಪಿಯುಸಿ ವಿಜ್ಞಾನಕ್ಕೆ ಹೋಗುವವರು

ಈ ಕ್ರಮ ಎಲ್ಲರಿಗಿಂತ ಹೆಚ್ಚು ಬೇಕಾದದ್ದು, ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವವರಿಗೆ, ಏಕೆಂದರೆ ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅವರಿಗೆ ಪಾರಿಭಾಷಿಕ ಪದಗಳು ತೊಂದರೆ ಕೊಡುತ್ತವೆ ಎಂಬ ನಂಬಿಕೆ ಇದೆ, ನಿಜವಾದ ತೊಂದರೆ ಬೇರೆ ಕಡೆ. ‘ಟಾರ್ಕ್’, ‘ಎಂಟ್ರಪಿ’ ಇಂಥವನ್ನು ಉಪನ್ಯಾಸಕರು ಬಿಡಿಸಿ ಹೇಳುತ್ತಾರೆ, ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಅವು ಹೊಸವೇ. ಯಾರೂ ಬಿಡಿಸಿ ಹೇಳದೆ ಮುಂದೆ ಹೋಗುವ ಪದಗಳು ‘ಅಸ್ಯೂಮ್’, ‘ಡಿರೈವ್’, ‘ಅಬ್ಟೇನ್’, ‘ಹೆನ್ಸ್’, ‘ವೇರ್‌ಆ್ಯಸ್’ ಇಂಥವು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಅವರು 2000ರಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇಂಥ 570 ಪದಕುಟುಂಬಗಳಿವೆ (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪೇ ಒಂದು ಕುಟುಂಬ), ಆವರ್ತನದ ಪ್ರಕಾರ ಹತ್ತು ಉಪಪಟ್ಟಿಗಳಾಗಿ ಅವನ್ನು ಜೋಡಿಸಲಾಗಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವ ನಡುವಿನ ಬಿಡುವಿನಲ್ಲಿ ಮೊದಲ ಎರಡು ಉಪಪಟ್ಟಿಗಳನ್ನೂ, ಹತ್ತನೆಯ ತರಗತಿಯ ವಿಜ್ಞಾನದ ಇಂಗ್ಲಿಷ್ ಆವೃತ್ತಿಯನ್ನೂ ಮುಗಿಸುವುದು ಸಾಧ್ಯವಾದ ಗುರಿ. ಈ ಅವಧಿಯಲ್ಲಿ ವ್ಯಾಕರಣ ಪುಸ್ತಕವನ್ನು ಬದಿಗಿಡಬಹುದು.

ತರಗತಿ ಮತ್ತು ಆ್ಯಪ್

ಕನ್ನಡದಲ್ಲೂ ದೊರೆಯುವ ರಾಪಿಡೆಕ್ಸ್‌ನಂಥ ಸ್ವಯಂಬೋಧಿನಿಗಳು ಅಂಗಡಿ, ಬ್ಯಾಂಕು, ಪ್ರಯಾಣದ ಸಂಭಾಷಣೆಗಳನ್ನು ಹೇಳಿಕೊಡುತ್ತವೆ. ಕೆಲಸಕ್ಕೆ ಸೇರುವ ಯುವಕರಿಗೆ ಅವು ಹೆಚ್ಚು ಉಪಯುಕ್ತ, ಶಾಲೆಯ ಮಕ್ಕಳ ಅಗತ್ಯ ಬೇರೆ. ಆಟದ ರೂಪದ ಆ್ಯಪ್‌ಗಳು ದಿನವೂ ಹತ್ತು ನಿಮಿಷ ಕೂರಿಸುವುದರಲ್ಲಿ ಗೆಲ್ಲುತ್ತವೆ, ಆದರೆ ಕೊಟ್ಟ ಪದಗಳನ್ನು ಜೋಡಿಸುವುದಕ್ಕೂ ಖಾಲಿ ಹಾಳೆಯಲ್ಲಿ ವಾಕ್ಯ ಬರೆಯುವುದಕ್ಕೂ ನಡುವಿನ ದೂರವನ್ನು ಅವು ಮುಚ್ಚುವುದಿಲ್ಲ. ಬ್ರಿಟಿಷ್ ಕೌನ್ಸಿಲ್‌ನ ಹದಿಹರೆಯದವರ ತಾಣದಲ್ಲೂ ಬಿಬಿಸಿಯ ಇಂಗ್ಲಿಷ್ ಕಲಿಕೆಯ ತಾಣದಲ್ಲೂ ಕೇಳುವ ಸಾಮಗ್ರಿ ಮತ್ತು ಅದರ ಬರಹರೂಪ ಎರಡೂ ಉಚಿತವಾಗಿವೆ. ಉಚ್ಚಾರಣೆಗೆ ಇವು ಬೇಕೇ ಬೇಕು, ಏಕೆಂದರೆ ಕಾಗುಣಿತದಂತೆ ಓದುವ ಕನ್ನಡದ ಅಭ್ಯಾಸ ಇಂಗ್ಲಿಷ್ ಕಾಗುಣಿತದ ಎದುರು ನಡೆಯುವುದಿಲ್ಲ.

ಇನ್ನು ಟ್ಯೂಷನ್. ಶುಲ್ಕ ಕಟ್ಟುವ ಮುನ್ನ ಒಂದು ದಿನ ಕೂತು ನೋಡಲು ಅವಕಾಶ ಕೇಳಿ, ಒಂದು ಗಂಟೆಯಲ್ಲಿ ಮಕ್ಕಳು ಸ್ವಂತವಾಗಿ ಎಷ್ಟು ವಾಕ್ಯ ಬರೆದರು ಅಥವಾ ಆಡಿದರು ಎಂಬುದನ್ನು ಗಮನಿಸಿ. ಫಲಕದ ಮೇಲಿನ ಕೋಷ್ಟಕವನ್ನು ನಕಲು ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರೆದದ್ದನ್ನು ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ, ಒಂದು ತಂಡದಲ್ಲಿ ಎಷ್ಟು ಮಂದಿ ಇರುತ್ತಾರೆ ಎಂದೂ ಕೇಳಿ. ಇವಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಹಣದಲ್ಲಿ ಕೆಂಪು ವ್ಯಾಕರಣ ಪುಸ್ತಕ, ಒಂದು ಚಿಕ್ಕ ನಿಘಂಟು, ಮುದ್ರಿಸಿದ ಇಂಗ್ಲಿಷ್ ವಿಜ್ಞಾನ ಪುಸ್ತಕ ಮೂರನ್ನೂ ತಂದು ಇನ್ನೂ ಉಳಿಸಬಹುದು.